ಶಿರಸಿಯ ತೋಟದಿಂದ ಜಂಬಿಯ ಪಿನಾಂಗ್‌ವರೆಗೆ: ಒಂದು ಎಂಎ ಪದವಿಯ ಪ್ರಕರಣ ಅಧ್ಯಯನ

ಪ್ರಕರಣ ಹೀಗಿದೆ. ಶಿರಸಿ ಕಡೆಯ ಅಡಿಕೆ ತೋಟದ ಮನೆಯ ಹುಡುಗಿ, ಓದಿದ್ದು ಅರ್ಥಶಾಸ್ತ್ರದಲ್ಲಿ ಬಿಎ. ಜರ್ಮನಿಯ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಆಗ್ನೇಯ ಏಷ್ಯಾ ಅಧ್ಯಯನದ ಎರಡು ವರ್ಷದ ಎಂಎಗೆ ಸೇರಿದಳು. ಕೋರ್ಸಿನಲ್ಲಿ ಆ ಪ್ರದೇಶದ ಒಂದು ಭಾಷೆ ಕಲಿಯುವುದು ಕಡ್ಡಾಯ. ಅವಳು ಇಂಡೋನೇಷ್ಯಾದ ಭಾಷೆ ತೆಗೆದುಕೊಂಡಳು. ಮೂರನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಒಂದು ಇಕ್ಕಟ್ಟು ಬಂತು. ಅಲ್ಲಿನ ಅಡಿಕೆ ಬೆಳೆಗಾರರನ್ನು ಮಾತಾಡಿಸಿ ಬರೆಯಬೇಕು ಅಂದುಕೊಂಡಿದ್ದ ಪ್ರಬಂಧಕ್ಕೆ ಬೇಕಾದಷ್ಟು ಭಾಷೆ ಅವಳ ಕೈಯಲ್ಲಿ ಇರಲಿಲ್ಲ. ಇನ್ನೊಂದು ಸೆಮಿಸ್ಟರ್ ಕೂತು ಭಾಷೆ ಗಟ್ಟಿ ಮಾಡಿಕೊಳ್ಳುವುದೋ, ಇರುವ ಭಾಷೆಗೆ ತಕ್ಕಂತೆ ವಿಷಯವನ್ನೇ ಕತ್ತರಿಸುವುದೋ?

ಮೊದಲೇ ಒಂದು ಮಾತು. ಇಂಥ ಕೋರ್ಸಿಗೆ ಹೋದ ಕೆಲವರ ಅನುಭವವನ್ನು ಸೇರಿಸಿ ಒಬ್ಬಳ ಕಥೆ ಮಾಡಿದ್ದೇನೆ. ಗುರುತು ಸಿಗದಿರಲಿ ಅಂತ ವಿಶ್ವವಿದ್ಯಾಲಯದ ಹೆಸರು ಬಿಟ್ಟಿದ್ದೇನೆ. ವೀಸಾ, ದರ, ಅನುಮತಿಯ ನಿಯಮಗಳು ಮಾತ್ರ ಇರುವುದು ಇದ್ದ ಹಾಗೇ.

ಇಂಡೋನೇಷ್ಯಾ ಯಾಕೆ

ಮಲೆನಾಡಿನಲ್ಲಿ, ಕರಾವಳಿಯಲ್ಲಿ ಅಡಿಕೆ ಬೆಳೆಯುವವರಿಗೆ ಇದನ್ನು ಹೇಳಬೇಕಾಗಿಲ್ಲ. ರೇಟು ಬಿದ್ದಾಗೆಲ್ಲ ಮಾತು ಹೋಗುವುದು ಆಮದು ಅಡಿಕೆಗೆ. ಬರ್ಮಾದಿಂದ ಬಂತಂತೆ, ಶ್ರೀಲಂಕಾದಿಂದ ಬಂತಂತೆ, ಇಂಡೋನೇಷ್ಯಾದಿಂದ ಹಡಗು ಬಂತಂತೆ. ದೇಶದ ಅಡಿಕೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಕರ್ನಾಟಕದ್ದೇ ಆದ್ದರಿಂದ ಹೊಡೆತ ಬೀಳುವುದೂ ಇಲ್ಲೇ. ಹೊರಗಿನ ಅಡಿಕೆ ಅಗ್ಗಕ್ಕೆ ಬರದಿರಲಿ ಅಂತ ಕೇಂದ್ರ ಸರ್ಕಾರ ಕನಿಷ್ಠ ಆಮದು ಬೆಲೆ ಇಟ್ಟಿದೆ. ಕಿಲೋಗೆ 251 ರೂಪಾಯಿ ಇದ್ದದ್ದನ್ನು 2023ರ ಫೆಬ್ರುವರಿಯಲ್ಲಿ 351 ರೂಪಾಯಿಗೆ ಏರಿಸಿದರು. ಅದಕ್ಕಿಂತ ಕಡಿಮೆ ಬೆಲೆಯ ಅಡಿಕೆ ತರುವಂತಿಲ್ಲ.

ಹುಡುಗಿಗೆ ಕಾಡಿದ್ದು ಆ ಕಡೆಯ ಪ್ರಶ್ನೆ. ಇಂಡೋನೇಷ್ಯಾದಲ್ಲಿ ಇದನ್ನು ಬೆಳೆಯುವವರು ಯಾರು? ಅವರಿಗೆ ಏನು ಸಿಗುತ್ತದೆ? ನಮ್ಮ ಸರ್ಕಾರ ದೆಹಲಿಯಲ್ಲಿ ಒಂದು ಸುತ್ತೋಲೆ ಹೊರಡಿಸಿದರೆ ಅಲ್ಲಿನ ತೋಟದಲ್ಲಿ ಏನಾಗುತ್ತದೆ?

ಅಡಿಕೆಗೆ ಅಲ್ಲಿ ಪಿನಾಂಗ್ ಅನ್ನುತ್ತಾರೆ. ಅದನ್ನು ಜಾಸ್ತಿ ಬೆಳೆಯುವ ಕಡೆಗಳಲ್ಲಿ ಒಂದು ಸುಮಾತ್ರಾ ದ್ವೀಪದ ಜಂಬಿ ಪ್ರಾಂತ್ಯ. ಅದರಲ್ಲೂ ಸಮುದ್ರದ ಕಡೆಗಿರುವ ತಂಜುಂಗ್ ಜಬುಂಗ್ ಜಿಲ್ಲೆಗಳು. ಅಲ್ಲಿ ನಮ್ಮ ಹಾಗೆ ಬೆಟ್ಟದ ಬುಡದ ತೋಟ ಇಲ್ಲ. ಉಬ್ಬರದ ನೀರು ನುಗ್ಗುವ ಜೌಗು ನೆಲ. ಬುಗಿಸ್, ಬಂಜಾರ್ ಸಮುದಾಯದವರು ಬೇರೆ ದ್ವೀಪಗಳಿಂದ ಬಂದು ಕಾಲುವೆ ತೋಡಿ, ಎತ್ತಿದ ಮಣ್ಣಿನ ಏರಿಯ ಮೇಲೆ ತೆಂಗು, ಅಡಿಕೆ ನೆಟ್ಟರು. ಬೆತಾರಾ ಅಂತ ಅಲ್ಲಿಯದೇ ಒಂದು ಹೆಸರಾದ ತಳಿ ಇದೆ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಎರಡು ಹೋಳು ಮಾಡಿ, ಬಿಸಿಲಿಗೆ ಹಾಕಿ, ಆಮೇಲೆ ಒಳಗಿನದನ್ನು ಕಿತ್ತು ತೆಗೆಯುತ್ತಾರೆ. ಅಡಿಕೆಯನ್ನು ಇಡಿಯಾಗಿ ಒಣಗಿಸಿ ಸುಲಿದು ಚಾಲಿ ಮಾಡುವ ನಮ್ಮವರಿಗೆ ಈ ಪದ್ಧತಿ ಒಪ್ಪಿಗೆಯಾಗಲಿಕ್ಕಿಲ್ಲ.

ವಿಷಯ ಚೆನ್ನಾಗಿತ್ತು. ಪ್ರವೇಶ ಅರ್ಜಿಯ ಜೊತೆ ಬರೆಯುವ ಪತ್ರದಲ್ಲಿ ಇದನ್ನೇ ಬರೆದಳು. ಸೀಟು ಸಿಗಲು ಇದೂ ಒಂದು ಕಾರಣ ಅಂತ ನನ್ನ ಊಹೆ. ಏಷ್ಯಾದ ಬಗ್ಗೆ ಆಸಕ್ತಿ ಇದೆ ಅಂತ ಬರೆಯುವವರು ಬೇಕಾದಷ್ಟು. ಒಂದು ಬೆಳೆ, ಒಂದು ಜಿಲ್ಲೆ, ಒಂದು ಪ್ರಶ್ನೆ ಹಿಡಿದು ಬರುವವರು ಕಡಿಮೆ.

ದುಡ್ಡು, ಕಾಗದ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇಂಥ ಎಂಎಗೆ ಸಾಮಾನ್ಯವಾಗಿ ಬೋಧನಾ ಶುಲ್ಕ ಇಲ್ಲ. ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ಯುರೋಪ್ ಒಕ್ಕೂಟದ ಹೊರಗಿನವರು 2017ರಿಂದ ಸೆಮಿಸ್ಟರಿಗೆ 1,500 ಯೂರೋ ಕೊಡಬೇಕು. ಆದರೆ ಖರ್ಚಿಗೆ ಹಣ ಇದೆ ಅಂತ ತೋರಿಸಲು, ತಿಂಗಳಿಗೆ ಇಂತಿಷ್ಟೇ ತೆಗೆಯಬಹುದಾದ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು. ಇದು 2024ರ ಸೆಪ್ಟೆಂಬರಿನಿಂದ ಇರುವ ಮೊತ್ತ. ಭಾರತದವರಿಗೆ 2022ರ ನವೆಂಬರಿನಿಂದ, ಓದಿದ ದಾಖಲೆಗಳು ಅಸಲಿ ಅಂತ ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವೂ ಬೇಕು. ಓದುತ್ತಾ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು.

ಈ ಕೊನೆಯ ನಿಯಮವನ್ನು ನೆನಪಿಡಿ. ಅನುಕೂಲ ಅಂತ ಕಾಣುತ್ತದೆ. ಆದರೆ ವಾರಾಂತ್ಯದ ಕೆಲಸ ತಿನ್ನುವುದು ಬೇರೆ ಯಾವುದನ್ನೂ ಅಲ್ಲ, ಭಾಷೆ ಕಲಿಯುವ ಹೊತ್ತನ್ನೇ. ಸೆಮಿನಾರಿಗೆ ಓದದೆ ಹೋದರೆ ಹೇಗೋ ನಿಭಾಯಿಸಬಹುದು. ಎರಡು ವಾರ ಹೊಸ ಪದಗಳನ್ನು ಮುಟ್ಟದಿದ್ದರೆ ಮೂರನೇ ವಾರ ತರಗತಿಯಲ್ಲಿ ಬಾಯಿ ಬರುವುದಿಲ್ಲ.

ಗಂಟೆಗಳ ಲೆಕ್ಕ

ನನ್ನ ಪ್ರಕಾರ ಇಡೀ ಪ್ರಕರಣದ ಗಂಟು ಇರುವುದು ಇಲ್ಲಿ.

ಯುರೋಪಿನಲ್ಲಿ ಎರಡು ವರ್ಷದ ಎಂಎ ಅಂದರೆ 120 ಕ್ರೆಡಿಟ್. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆಯ ಕೆಲಸ. ಇವಳ ಕೋರ್ಸಿನಲ್ಲಿ ಭಾಷೆಗೆ 30 ಕ್ರೆಡಿಟ್, ಪ್ರಬಂಧಕ್ಕೆ 30, ಉಳಿದದ್ದು ಇತಿಹಾಸ, ರಾಜಕೀಯ, ಸಂಶೋಧನಾ ವಿಧಾನ ಇತ್ಯಾದಿ. ಕಾಗದದ ಮೇಲೆ ನೋಡಿದರೆ ಭಾಷೆಗೆ 750ರಿಂದ 900 ಗಂಟೆ. ಸೇರುವ ಮೊದಲು ಇವಳು ಇದನ್ನು ಅಮೆರಿಕದ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟಿನ ಅಂದಾಜಿನ ಜೊತೆ ಹೋಲಿಸಿ ನೋಡಿದ್ದಳು. ಇಂಗ್ಲಿಷ್ ಮಾತಾಡುವವರು ಇಂಡೋನೇಷ್ಯಾ ಭಾಷೆಯಲ್ಲಿ ವೃತ್ತಿಗೆ ಸಾಲುವಷ್ಟು ಪಳಗಲು 36 ವಾರ, ಹತ್ತಿರ ಹತ್ತಿರ 900 ಗಂಟೆ ಬೇಕು ಅನ್ನುತ್ತದೆ ಆ ಸಂಸ್ಥೆ. ಚೀನೀ, ಅರಬ್ಬಿಗಾದರೆ 2,200 ಗಂಟೆ. ತೆಲುಗು, ಹಿಂದಿ, ರಷ್ಯನ್ ನಡುವಿನ ಗುಂಪಿನಲ್ಲಿವೆ, 1,100 ಗಂಟೆ. ಅಲ್ಲೂ 900, ಇಲ್ಲೂ 900. ಸರಿಹೋಯಿತು ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ?

ಆದರೆ ಅಮೆರಿಕದ 900 ಎನ್ನುವುದು ಶಿಕ್ಷಕರ ಮುಂದೆ ಕೂರುವ ಗಂಟೆ. ಮನೆಯಲ್ಲಿ ಓದುವುದು ಅದರ ಮೇಲೆ. ಕಲಿಯುವವರೂ ಬೇರೆ ಕೆಲಸ ಬಿಟ್ಟು ಅದೊಂದನ್ನೇ ಮಾಡುವ ರಾಜತಾಂತ್ರಿಕರು. ಎಂಎಯ ಲೆಕ್ಕ ಹಾಗಲ್ಲ. ಇವಳಿಗೆ ಮೊದಲ ಎರಡು ಸೆಮಿಸ್ಟರ್ ವಾರಕ್ಕೆ 8 ಪೀರಿಯಡ್, ಮೂರನೆಯದರಲ್ಲಿ 4. ಪೀರಿಯಡ್ ಅಂದರೆ 45 ನಿಮಿಷ. ಸೆಮಿಸ್ಟರಿಗೆ 14 ವಾರ ಪಾಠ. ಎಲ್ಲ ಕೂಡಿಸಿದರೆ 280 ಪೀರಿಯಡ್, ಅಂದರೆ 210 ಗಂಟೆ. ರಜೆಯಲ್ಲಿ ಯೋಗ್ಯಕರ್ತಕ್ಕೆ ಹೋಗಿ ಮಾಡಿದ ನಾಲ್ಕು ವಾರದ ಕೋರ್ಸಿನ 80 ಗಂಟೆ ಸೇರಿಸಿದರೂ 290. ಬೇಕಾದ್ದರ ಮೂರನೇ ಒಂದು ಪಾಲೂ ಇಲ್ಲ.

ಇದನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಪಠ್ಯಕ್ರಮದ ಪುಸ್ತಕದಲ್ಲಿ ಪೀರಿಯಡ್ ಸಂಖ್ಯೆ ಅಚ್ಚಾಗಿಯೇ ಇತ್ತು. ಆದರೂ ನನಗೊಂದು ತಕರಾರಿದೆ. ಭಾಷಾ ತರಬೇತಿ ಸಹಿತ ಅಂತ ದಪ್ಪ ಅಕ್ಷರದಲ್ಲಿ ಹಾಕುವ ಕೋರ್ಸುಗಳು, ಎರಡು ವರ್ಷದ ಕೊನೆಗೆ ವಿದ್ಯಾರ್ಥಿಗೆ ಏನು ಓದಲು ಬರುತ್ತದೆ, ಏನು ಮಾತಾಡಲು ಬರುತ್ತದೆ ಅಂತ ಒಂದು ಸಾಲು ಬರೆಯಬೇಕು. ಪತ್ರಿಕೆ ಓದಬಲ್ಲರು, ರೈತರ ಸಂದರ್ಶನ ಮಾಡಲಾರರು. ಇಷ್ಟು ಹೇಳಿದರೆ ಸಾಕು. ಕ್ರೆಡಿಟ್ ಸಂಖ್ಯೆಯಿಂದ ಇದು ತಿಳಿಯುವುದಿಲ್ಲ.

ಇಂಡೋನೇಷ್ಯಾ ಭಾಷೆ ಸುಲಭ ಅನ್ನುವ ಹೆಸರೂ ಇಲ್ಲಿ ಮೋಸ ಮಾಡಿತು. ರೋಮನ್ ಲಿಪಿ. ಲಿಂಗಭೇದ ಇಲ್ಲ. ಕಾಲಕ್ಕೆ ತಕ್ಕಂತೆ ಕ್ರಿಯಾಪದ ಬದಲಾಗುವುದಿಲ್ಲ. ಮೇಲಿಂದ ನಮಗೆ ಗೊತ್ತಿರುವ ಸಂಸ್ಕೃತ ಪದಗಳು ಎಲ್ಲಿ ನೋಡಿದರಲ್ಲಿ. ಮೊದಲ ಮೂರು ತಿಂಗಳು ಇವಳು ತರಗತಿಯಲ್ಲಿ ಎಲ್ಲರಿಗಿಂತ ಮುಂದೆ ಇದ್ದಳು. ಆಮೇಲೆ ಪದದ ಹಿಂದೆ ಮುಂದೆ ಅಂಟುವ ಪ್ರತ್ಯಯಗಳು ಶುರುವಾದವು. ಒಂದೇ ಧಾತುವಿನಿಂದ ಐದಾರು ಪದ, ಒಂದೊಂದಕ್ಕೂ ಬೇರೆ ಕೆಲಸ. ಅಲ್ಲಿಂದ ಎಲ್ಲರೂ ಒಂದೇ ಸಾಲಿಗೆ ಬಂದರು.

ಕಲಿತದ್ದು ಒಂದು, ಜಂಬಿಯಲ್ಲಿ ಆಡುವುದು ಇನ್ನೊಂದು

ಗಂಟೆ ಕಡಿಮೆ ಬಿದ್ದದ್ದು ಅರ್ಧ ತೊಂದರೆ. ಉಳಿದರ್ಧ ಇದು.

ತರಗತಿಯಲ್ಲಿ ಕಲಿಸುವುದು ಪುಸ್ತಕದ, ಕಚೇರಿಯ, ಟಿವಿ ವಾರ್ತೆಯ ಭಾಷೆ. ಊರಲ್ಲಿ ಆಡುವುದು ಬೇರೆ. ಕನ್ನಡದವರಿಗೆ ಇದು ಹೊಸದಲ್ಲ. ದಿನಪತ್ರಿಕೆಯ ಕನ್ನಡ ಕಲಿತ ಪರದೇಶಿಯನ್ನು ಶಿರಸಿಯ ಸಂತೆಗೆ ಬಿಟ್ಟರೆ ಏನಾಗುತ್ತದೋ ಅದೇ. 'ಇಲ್ಲ' ಅನ್ನಲು ತರಗತಿಯಲ್ಲಿ ತಿದಾ ಅಂತ ಕಲಿಸಿದರು, ಯೋಗ್ಯಕರ್ತದ ಬೀದಿಯಲ್ಲಿ ಕೇಳಿದ್ದು ಬರೀ ಎಂಗಾ. ಅದನ್ನಾದರೂ ಕೆಲವು ದಿನದಲ್ಲಿ ಹಿಡಿದುಕೊಂಡಳು. ಜಂಬಿಯ ಆಡುಮಾತಾದ ಮಲಯು ಇನ್ನೂ ದೂರ. ಪದದ ಕೊನೆಯ 'ಆ' ಅಲ್ಲಿ 'ಓ' ಆಗುತ್ತದೆ, 'ಏನು' ಅನ್ನುವ ಅಪಾ ಹೋಗಿ ಅಪೋ. ಅದರ ಮೇಲೆ ಅಡಿಕೆ ತೋಟದ ಮನೆಗಳಲ್ಲಿ ಬುಗಿಸ್, ಬಂಜಾರ್ ಭಾಷೆಗಳು. ಜಾವಾದಿಂದ ಬಂದು ನೆಲೆಸಿದವರ ಜಾವನೀಸ್ ಬೇರೆ. ದಲ್ಲಾಳಿಗೆ ಪಠ್ಯದಲ್ಲಿರುವ ಪದ ಒಂದು, ಸುಮಾತ್ರಾದಲ್ಲಿ ಕರೆಯುವುದು ತೋಕೆ ಅಂತ.

ಯುರೋಪಿನ ಗ್ರಂಥಾಲಯಗಳಲ್ಲಿ ಇಂಡೋನೇಷ್ಯಾದ ಹಳೆಯ ಕಾಗದಪತ್ರ ಬಹುಪಾಲು ಡಚ್ ಭಾಷೆಯಲ್ಲಿದೆ. ವಸಾಹತು ಕಾಲದ ಅಡಿಕೆ ವ್ಯಾಪಾರ ನೋಡಬೇಕಾದರೆ ಡಚ್ ಬೇಕು. ಲೈಡನ್ ವಿಶ್ವವಿದ್ಯಾಲಯದಲ್ಲಿ ಇಂಡೋನೇಷ್ಯಾ ಬಗ್ಗೆ ದೊಡ್ಡ ಸಂಗ್ರಹ ಇದೆ. ಡೆಲ್ಫರ್ ಎನ್ನುವ ಜಾಲತಾಣದಲ್ಲಿ ಅಂದಿನ ಡಚ್ ಪತ್ರಿಕೆಗಳು ಬಿಟ್ಟಿ ಸಿಗುತ್ತವೆ. ಜರ್ಮನ್ ಬಂದರೆ ಡಚ್ ಓದುವುದು ಬೇಗ ಹಿಡಿಯುತ್ತದೆ ಅಂತ ಮಾರ್ಗದರ್ಶಕರು ಹೇಳಿದರು. ನಿಜವೇ. ಆದರೆ ಇವಳಿಗೆ ಜರ್ಮನ್ನೇ ಮನೆ ಬಾಡಿಗೆ, ಅಂಗಡಿ, ಕೆಲಸದ ಜಾಗಕ್ಕೆ ಸಾಕಾಗುವಷ್ಟು ಮಾತ್ರ ಬಂದಿತ್ತು. ಡಚ್ ಕೈಬಿಟ್ಟಳು. ಇದು ಇಡೀ ಎರಡು ವರ್ಷದಲ್ಲಿ ಅವಳು ತೆಗೆದುಕೊಂಡ ಒಳ್ಳೆಯ ತೀರ್ಮಾನಗಳಲ್ಲಿ ಒಂದು. ಒಂದೇ ಹೊತ್ತಿಗೆ ಮೂರು ಹೊಸ ಭಾಷೆ ಹಿಡಿದವರು ಮೂರರಲ್ಲೂ ಊಟಕ್ಕೆ ಹೇಳುವಷ್ಟು ಮಾತ್ರ ಕಲಿಯುವುದನ್ನು ನೋಡಿದ್ದೇನೆ.

ಅನುಮತಿ ಎನ್ನುವ ಗೋಡೆ

ಭಾಷೆ ಬಂದಿದ್ದರೂ ಮೊದಲಿನ ಯೋಜನೆ ನಡೆಯುತ್ತಿರಲಿಲ್ಲ ಅನ್ನಲು ಇನ್ನೊಂದು ಕಾರಣ ಇದೆ. ಇಂಡೋನೇಷ್ಯಾದಲ್ಲಿ ವಿದೇಶಿಯರು ಸುಮ್ನೆ ಹೋಗಿ ಸಂಶೋಧನೆ ಮಾಡುವಂತಿಲ್ಲ. 2019ರ ವಿಜ್ಞಾನ ತಂತ್ರಜ್ಞಾನ ಕಾಯ್ದೆ ಇದನ್ನು ಬಿಗಿ ಮಾಡಿತು. 2021ರಲ್ಲಿ ಸ್ವತಂತ್ರವಾದ ಬ್ರಿನ್ ಎಂಬ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯಿಂದ ಅನುಮತಿ ಪಡೆಯಬೇಕು. ಅಲ್ಲಿನ ಒಂದು ಸಂಸ್ಥೆ ಪಾಲುದಾರ ಆಗಿರಬೇಕು. ನೈತಿಕ ಅನುಮೋದನೆ ಬೇಕು. ಮುರಿದರೆ ಕಪ್ಪುಪಟ್ಟಿಗೆ ಸೇರುವ ಭಯ. ಭಾಷೆ ಕಲಿಯಲು ಕೊಟ್ಟ ವೀಸಾದಲ್ಲಿ, ಪ್ರವಾಸದ ವೀಸಾದಲ್ಲಿ ತೋಟಕ್ಕೆ ಹೋಗಿ ರೈತರ ಸಂದರ್ಶನ ಮಾಡಿದರೆ ಅದು ತಪ್ಪೇ. ಧರ್ಮಸಿಸ್ವಾ ಅಂತ ಅಲ್ಲಿನ ಸರ್ಕಾರ 1974ರಿಂದ ವಿದೇಶಿಯರಿಗೆ ಕೊಡುವ ವಿದ್ಯಾರ್ಥಿವೇತನ ಇದೆ. ಅದೂ ಭಾಷೆ, ಕಲೆ ಕಲಿಯುವುದಕ್ಕೆ, ಪದವಿಗಲ್ಲ, ಸಂಶೋಧನೆಗೂ ಅಲ್ಲ.

ಈ ನಿಯಮದ ಬಗ್ಗೆ ಯುರೋಪಿನ ವಿದ್ಯಾರ್ಥಿಗಳು ಗೊಣಗುವುದನ್ನು ಕೇಳಿದ್ದೇನೆ. ನನಗೆ ಅಷ್ಟು ಸಿಟ್ಟು ಬರುವುದಿಲ್ಲ. ಯಾರೋ ಹೊರಗಿನವರು ನೋಟ್‌ಬುಕ್ ಹಿಡಿದು ನಮ್ಮ ತೋಟಕ್ಕೆ ಬಂದು ಎಷ್ಟು ಕ್ವಿಂಟಲ್, ಎಷ್ಟು ಸಾಲ ಅಂತ ಕೇಳಿದರೆ ನಾವೂ ಯಾರು ನೀವು ಅಂತ ಕೇಳುತ್ತೇವೆ. ಆದರೆ ಒಂದು ಸೆಮಿಸ್ಟರಿನ ಪ್ರಬಂಧ ಬರೆಯುವವರಿಗೆ ಈ ಕಾಗದ ಓಡಾಟಕ್ಕೇ ಸಮಯ ಮುಗಿದುಹೋಗುತ್ತದೆ ಎನ್ನುವುದೂ ಅಷ್ಟೇ ನಿಜ. ಅರ್ಜಿ ಹಾಕುವುದಿದ್ದರೆ ಎರಡನೇ ಸೆಮಿಸ್ಟರಿನಲ್ಲೇ ಹಾಕಬೇಕಿತ್ತು. ಆಗ ವಿಷಯವೇ ಪಕ್ಕಾ ಆಗಿರಲಿಲ್ಲ.

ವಿಷಯ ಹೇಗೆ ಬದಲಾಯಿತು

ಮೂರು ದಾರಿ ಮುಂದೆ ಇತ್ತು. ಒಂದು, ಅನುವಾದಕರನ್ನು ಇಟ್ಟುಕೊಂಡು ಆನ್‌ಲೈನ್ ಸಂದರ್ಶನ ಮಾಡುವುದು. ಅನುಮತಿಯ ಪ್ರಶ್ನೆ ಆಗಲೂ ಪೂರ್ತಿ ಹೋಗುವುದಿಲ್ಲ, ಭಾಷೆ ಕಲಿತದ್ದೂ ದಂಡ. ಎರಡು, ಸೆಮಿಸ್ಟರ್ ಮುಂದೂಡುವುದು. ಅದಕ್ಕೆ ಮತ್ತೆ ಅರ್ಧ ವರ್ಷದ ಖರ್ಚು. ಅಪ್ಪನಿಗೆ ಫೋನ್ ಮಾಡಿ ಕೇಳಲು ಅವಳಿಗೆ ಮನಸ್ಸಿರಲಿಲ್ಲ. ಮೂರು, ಓದಲು ಬರುತ್ತದೆ ತಾನೇ, ಓದಿಯೇ ಉತ್ತರ ಸಿಗುವ ಪ್ರಶ್ನೆ ಹುಡುಕುವುದು.

ಮೂರನೆಯದನ್ನು ಆರಿಸಿಕೊಂಡಳು. ಜಂಬಿಯ ಸ್ಥಳೀಯ ಪತ್ರಿಕೆಗಳ ಜಾಲತಾಣಗಳನ್ನು ಕೂತು ಓದಲು ಶುರು ಮಾಡಿದಳು. ಅಲ್ಲಿನ ಅಂಕಿಅಂಶ ಇಲಾಖೆಯ ವಾರ್ಷಿಕ ಪುಸ್ತಕಗಳು ಇಂಡೋನೇಷ್ಯಾ, ಇಂಗ್ಲಿಷ್ ಎರಡೂ ಭಾಷೆಯಲ್ಲಿ ಇರುತ್ತವೆ. ಅವನ್ನು ಪಕ್ಕದಲ್ಲಿಟ್ಟುಕೊಂಡಳು. 2022–23ರಲ್ಲಿ ಜಂಬಿಯಲ್ಲಿ ಪಿನಾಂಗ್ ಬೆಲೆ ಕುಸಿದಾಗ ಪತ್ರಿಕೆಗಳು ಏನು ಬರೆದವು, ಜಿಲ್ಲಾ ಆಡಳಿತ ಏನು ಹೇಳಿತು, ಭಾರತದ ಹೆಸರು ಎಲ್ಲಿ ಹೇಗೆ ಬಂತು. ಇಷ್ಟಕ್ಕೆ ಪ್ರಶ್ನೆಯನ್ನು ಇಳಿಸಿದಳು.

ಮೊದಲು ಒಂದು ಸುದ್ದಿ ಓದಲು ಅರ್ಧ ಗಂಟೆ ಹಿಡಿಯುತ್ತಿತ್ತು. ಆದರೆ ಮಾರುಕಟ್ಟೆ ಸುದ್ದಿಗಳಲ್ಲಿ ಅದೇ ಪದಗಳು ಮತ್ತೆ ಮತ್ತೆ ಬರುತ್ತವೆ. ಬೆಲೆ, ಇಳಿತ, ರಫ್ತು, ಕಿಲೋ, ಒಣಗಿದ್ದು, ಹಸಿ, ಹೋಳು. ಇನ್ನೂರು ಮುನ್ನೂರು ಪದ ಕೈವಶವಾದ ಮೇಲೆ ಓದು ಓಡತೊಡಗಿತು. ಇಂಥ ಓದಿಗೆ ತೋಟದ ಮನೆಯಲ್ಲಿ ಬೆಳೆದದ್ದು ದೊಡ್ಡ ಆಸರೆ. ತೇವಾಂಶ ಜಾಸ್ತಿ ಇದ್ದರೆ ರೇಟು ಯಾಕೆ ಇಳಿಸುತ್ತಾರೆ, ಮಳೆಗಾಲದಲ್ಲಿ ಒಣಗಿಸುವ ಪಾಡು ಏನು, ಸಾಲ ಕೊಟ್ಟ ವ್ಯಾಪಾರಿಗೇ ಮಾಲು ಹಾಕಬೇಕಾಗುವುದು ಹೇಗೆ. ಇದನ್ನು ಯಾವ ಶಬ್ದಕೋಶವೂ ಹೇಳಿಕೊಡುವುದಿಲ್ಲ. ಅವಳಿಗೆ ಮೊದಲೇ ಗೊತ್ತಿತ್ತು.

ಆಮೇಲೆ ಆದದ್ದು ಯಾರ ಲೆಕ್ಕದಲ್ಲೂ ಇರಲಿಲ್ಲ. ಜಂಬಿಯ ಪತ್ರಿಕೆಯಲ್ಲಿ ಭಾರತ ಅಂದರೆ ದೂರದ ಒಬ್ಬ ಗಿರಾಕಿ. ಕೊಂಡರೆ ಬೆಲೆ ಏರುತ್ತದೆ, ಬಾಗಿಲು ಹಾಕಿದರೆ ಬೀಳುತ್ತದೆ. ಆ ಗಿರಾಕಿಯ ದೇಶದಲ್ಲೂ ಅಡಿಕೆ ಬೆಳೆಯುವ ಸಣ್ಣ ರೈತರು ಇದ್ದಾರೆ ಎನ್ನುವುದು ಆ ಸುದ್ದಿಗಳಲ್ಲಿ ಕಾಣುವುದು ಅಪರೂಪ. ಹಾಗಾದರೆ ನಮ್ಮ ಪತ್ರಿಕೆಗಳಲ್ಲಿ ಇಂಡೋನೇಷ್ಯಾ ಹೇಗೆ ಕಾಣುತ್ತದೆ? ಅದೇ ತಿಂಗಳುಗಳ ಕನ್ನಡ ಪತ್ರಿಕೆಗಳನ್ನು ತೆಗೆದಳು. ಅಲ್ಲಿ ಆಮದು ಅಡಿಕೆ ಅಂದರೆ ಹಡಗು, ಕಂಟೇನರ್, ಕಳ್ಳಸಾಗಣೆ, ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಮನವಿ. ಆ ಅಡಿಕೆಯನ್ನು ಕಾಲುವೆ ಏರಿಯ ಮೇಲೆ ಬೆಳೆದ ಮನುಷ್ಯ ಎಲ್ಲೂ ಇಲ್ಲ. ಎರಡೂ ಕಡೆ ಸಣ್ಣ ಹಿಡುವಳಿ, ಎರಡೂ ಕಡೆ ಮಳೆಯ ಭಯ, ಎರಡೂ ಕಡೆ ದಲ್ಲಾಳಿ. ಒಬ್ಬರಿಗೆ ಇನ್ನೊಬ್ಬರು ಕಾಣುವುದಿಲ್ಲ. ಪ್ರಬಂಧ ಅಲ್ಲಿ ಹುಟ್ಟಿತು.

ಕೋರ್ಸಿನ ಲೆಕ್ಕದಲ್ಲಿ ಕನ್ನಡಕ್ಕೆ ಸೊನ್ನೆ ಕ್ರೆಡಿಟ್. ಆಗ್ನೇಯ ಏಷ್ಯಾದ ಭಾಷೆ ಅದಲ್ಲವಲ್ಲ. ಅರ್ಜಿಯಲ್ಲಿ ಮಾತೃಭಾಷೆ ಅಂತ ಒಂದು ಕಡೆ ಬರೆದದ್ದು ಬಿಟ್ಟರೆ ಅವಳೂ ಅದನ್ನು ಮರೆತಿದ್ದಳು. ಆದರೆ ಪ್ರಬಂಧದ ಅರ್ಧ ಭಾರ ಹೊತ್ತದ್ದು ಅದೇ. ಆ ವಿಭಾಗದಲ್ಲಿ ಇಂಡೋನೇಷ್ಯಾ ಭಾಷೆ ಅವಳಿಗಿಂತ ಚೆನ್ನಾಗಿ ಬಲ್ಲವರು ಹಲವರು. ಎರಡೂ ಭಾಷೆಯ ಅಡಿಕೆ ಸುದ್ದಿ ಓದಬಲ್ಲವರು ಇನ್ನೊಬ್ಬರು ಇರಲಿಲ್ಲ. ಪ್ರದೇಶ ಅಧ್ಯಯನಗಳು ಭೂಪಟವನ್ನು ತುಂಡು ಮಾಡಿ ಇಟ್ಟುಕೊಂಡಿವೆ. ದಕ್ಷಿಣ ಏಷ್ಯಾ ಒಂದು ವಿಭಾಗ, ಆಗ್ನೇಯ ಏಷ್ಯಾ ಇನ್ನೊಂದು. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಈ ವಿಭಾಗಗಳು ಬೆಳೆದಾಗ ಬಿದ್ದ ಗೆರೆಗಳೇ ಇಂದಿಗೂ ಜಾಸ್ತಿ ಕಡೆ ನಡೆಯುತ್ತಿವೆ. ಅಡಿಕೆ ಮಾತ್ರ ಈ ಗೆರೆ ನೋಡಿ ಬೆಳೆಯುವುದಿಲ್ಲ.

ತೂಗಿ ನೋಡಿದರೆ

ವಿಷಯ ಕತ್ತರಿಸಿದ್ದು ಸರಿ ಅಂತಲೇ ನಾನು ಹೇಳುತ್ತೇನೆ. ಪ್ರಬಂಧ ಹೊತ್ತಿಗೆ ಸರಿಯಾಗಿ ಮುಗಿಯಿತು, ಒಳ್ಳೆಯ ಅಂಕವೂ ಬಂತು. ಆದರೆ ಕಳೆದುಕೊಂಡದ್ದು ಸಣ್ಣದಲ್ಲ. ಪತ್ರಿಕೆಯಲ್ಲಿ ಮಾತಾಡುವವರು ಅಧಿಕಾರಿ, ರಫ್ತುದಾರ, ಆಗೊಮ್ಮೆ ಈಗೊಮ್ಮೆ ಒಬ್ಬ ರೈತ. ಹೋಳಿನಿಂದ ಅಡಿಕೆ ಕಿತ್ತು ತೆಗೆಯುವ ಕೂಲಿಯವರ ಮಾತು ಅಲ್ಲಿ ಬರುವುದಿಲ್ಲ. ಶಿರಸಿಯಲ್ಲಿ ಅಡಿಕೆ ಸುಲಿಯುವ ಹೆಂಗಸರ ಬಗ್ಗೆ ಪತ್ರಿಕೆ ಎಷ್ಟು ಬರೆಯುತ್ತದೆ ಅಂತ ನೋಡಿದರೆ ಸಾಕು, ಅರ್ಥವಾಗುತ್ತದೆ. ಮೊದಲ ಪ್ರಶ್ನೆ ಇದ್ದದ್ದೇ ಅವರ ಬಗ್ಗೆ. ಪ್ರಬಂಧದ ಪೀಠಿಕೆಯಲ್ಲಿ ಅವಳು ಇದನ್ನು ನೇರವಾಗಿ ಬರೆದಿದ್ದಾಳೆ.

ಸೇರುವ ಮೊದಲು ಏನು ಮಾಡಬಹುದಿತ್ತು? ಸೀಟು ಸಿಕ್ಕ ದಿನದಿಂದ ವಿಮಾನ ಹತ್ತುವವರೆಗೆ ಅವಳಿಗೆ ಹಲವು ತಿಂಗಳು ಇತ್ತು. ಅದೆಲ್ಲ ಎಪಿಎಸ್, ವೀಸಾ, ಬ್ಯಾಂಕು ಅಂತ ಹೋಯಿತು. ವಿದೇಶಿಯರಿಗೆ ಇಂಡೋನೇಷ್ಯಾ ಭಾಷೆ ಕಲಿಸುವ ಪಾಠಗಳಿಗೆ ಬಿಪಾ ಅನ್ನುತ್ತಾರೆ, ಏಳು ಹಂತ. ಮೊದಲ ಎರಡು ಹಂತವನ್ನು ಊರಲ್ಲೇ ಕೂತು ಆನ್‌ಲೈನಿನಲ್ಲಿ ಮುಗಿಸಿದ್ದರೆ ಜರ್ಮನಿಯ ಮೊದಲ ಸೆಮಿಸ್ಟರನ್ನು ಮೇಲಿನ ತರಗತಿಯಿಂದ ಶುರು ಮಾಡಬಹುದಿತ್ತು. ಮೂರನೇ ಸೆಮಿಸ್ಟರಿನ ಹೊತ್ತಿಗೆ ಜಂಬಿಯ ಮಾತಿಗೆ ಕಿವಿ ಕೊಡಲು ಸಮಯ ಉಳಿಯುತ್ತಿತ್ತು. ಹೊಸದಾಗಿ ಹೊರಡುವವರಿಗೆ ನಾನು ಈಗ ಕೇಳುವ ಮೊದಲ ಪ್ರಶ್ನೆ ಎಷ್ಟು ಅಂಕ ಅಂತಲ್ಲ. ವಾರಕ್ಕೆ ಎಷ್ಟು ಪೀರಿಯಡ್ ಭಾಷೆ, ಯಾರು ಕಲಿಸುತ್ತಾರೆ, ಮೂರನೇ ಸೆಮಿಸ್ಟರಿನಲ್ಲಿ ಮುಂದುವರಿಯುತ್ತದೋ ನಿಲ್ಲುತ್ತದೋ.

ಅವಳು ಈಗ ಪಿಎಚ್‌ಡಿಗೆ ಅರ್ಜಿ ಹಾಕಿದ್ದಾಳೆ. ಯೋಜನೆಯಲ್ಲಿ ಮೊದಲ ವರ್ಷ ಸಂದರ್ಶನವೇ ಇಲ್ಲ. ಜಂಬಿಯಲ್ಲಿ ಒಂದು ಪಾಲುದಾರ ಸಂಸ್ಥೆ ಹುಡುಕುವುದು, ಬ್ರಿನ್ ಅನುಮತಿಗೆ ಅರ್ಜಿ, ಜಂಬಿ ಮಲಯು ಕಲಿಕೆ, ಇಷ್ಟೇ. ಮೊದಲ ವರ್ಷದಲ್ಲಿ ಬರೀ ಭಾಷೆ ಕಲಿಯುತ್ತೀರಾ ಅಂತ ಆಯ್ಕೆ ಸಮಿತಿಯೊಂದು ಕೇಳಿತಂತೆ. ಹೌದು ಅಂದಳಂತೆ. ಉತ್ತರ ಇನ್ನೂ ಬಂದಿಲ್ಲ.